ಬದಲಾವಣೆ ಇಲ್ಲ

ಹಡಪ್ಸರದ ನರ್ಸರಿಯಲ್ಲಿ ಗಾವಡೆ
ಗಿಡದ ಬೆಲೆ ಹೇಳುವ ಮೊದಲು ನನ್ನ ವಯಸ್ಸು ಕೇಳಿದ.
ಐವತ್ತೊಂಬತ್ತು, ಅಂದೆ.
'ಮ್ಯಾಡಂ, ಬಾಳೆ ಒಯ್ಯಿರಿ. ಇಲ್ಲಾಂದ್ರೆ ಅರೆಕಾ ಪಾಮ್,
ಎರಡು ಮಳೆಗೆ ಗೋಡೆ ಮುಚ್ಚುತ್ತೆ.
ಇದು ಬಿಸ್ಮಾರ್ಕ್. ಅವಸರ ಅನ್ನೋದೇ ಇದಕ್ಕೆ ಗೊತ್ತಿಲ್ಲ.'

ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಮೂರು ಎಲೆ,
ಬೂದಿ ಬಳಿದುಕೊಂಡ ನೀಲಿ.
ಹೆಬ್ಬೆರಳಿಂದ ಒರೆಸಿದೆ. ಬೂದಿ ಬೆರಳಿಗೆ ಬಂತು,
ಅಡಿಯಲ್ಲಿ ಸಾದಾ ಹಸಿರು.
ಒರೆಸಬಾರದಿತ್ತು.
ಆ ಹೆಬ್ಬೆಟ್ಟಿನ ಗುರುತು ಎಲೆ ಒಣಗುವವರೆಗೂ ಇತ್ತು.

ಮೂವತ್ತೊಂದು ವರ್ಷ ಶಿವಾಜಿನಗರದ ಹವಾಮಾನ ಕಚೇರಿಯಲ್ಲಿ
ಮುಂಜಾನೆಯ ಕನಿಷ್ಠ, ಮಧ್ಯಾಹ್ನದ ಗರಿಷ್ಠ
ಅಂಕಣಗಳಲ್ಲಿ ತುಂಬಿದವಳು.
ಬರೆಯದೆ ನೋಡುವುದು ನನಗೆ ಬರುವುದಿಲ್ಲ.
ಉಳಿದಿದ್ದ ಹಳೇ ರಿಜಿಸ್ಟರು ಗಿಡದ ಪಾಲಿಗಾಯಿತು:
ಜುಲೈ ಏಳು. ನೆಟ್ಟೆ. ಬಿಡದ ಮಳೆ.
ಆಗಸ್ಟ್ ಏಳು. ಬದಲಾವಣೆ ಇಲ್ಲ.
ಸೆಪ್ಟೆಂಬರ್ ಏಳು. ಬದಲಾವಣೆ ಇಲ್ಲ.
ನವೆಂಬರ್. ಇಲ್ಲ.
ಡಿಸೆಂಬರ್ ಕೊನೆಗೆ ಪಾಷಾಣ್ ಕೆರೆಯ ಕಡೆಯಿಂದ ಚಳಿ ಎದ್ದು ಬಂದು
ಒಂಬತ್ತಕ್ಕಿಳಿದ ರಾತ್ರಿ
ಹೊರಗೆ ಹೋಗಿ ಗೋಣಿತಟ್ಟು ಹೊದಿಸಿದೆ.
ಗಾವಡೆ ಫೋನಿನಲ್ಲಿ ನಕ್ಕ: ಅದಕ್ಕೇನೂ ಆಗಲ್ಲ, ನೀವು ಹೊದ್ದುಕೊಳ್ಳಿ.

ಬಂದವರೆಲ್ಲ ಕೇಳಿದರು.
ತೆಂಗೇನು? ಅಲ್ಲ.
ತಾಟಿನುಂಗು ಬಿಡುತ್ತದೆಯೇ? ಇಲ್ಲ.
ಚಾಪೆ, ಪೊರಕೆ, ಏನಾದರೂ?
ಇಲ್ಲ.
ಮೂರನೇ ಮಹಡಿಯ ಕುಮುದಿನಿ ಖರೆ ಮಾತ್ರ ಏನೂ ಕೇಳದೆ
ದಿನಾ ಅಕ್ಕಿ ತೊಳೆದ ನೀರನ್ನು
ಪಾತ್ರೆ ಸಮೇತ ಇಟ್ಟು ಹೋಗುತ್ತಿದ್ದಳು.

ಈ ಗಿಡಕ್ಕಿರುವುದು ಒಂದೇ ಕುಡಿ.
ಚಿವುಟಿದರೆ ನಾಲ್ಕಾಗಿ ಒಡೆಯುವ ಜಾತಿಯಲ್ಲ.
ನಡುವಿನಲ್ಲಿ ಮಡಿಸಿಟ್ಟ ಬೀಸಣಿಗೆಯಂಥ ಬಾಣ,
ಅದು ಹೋದರೆ ಎಲ್ಲ ಹೋಯಿತು.
ನಾಲ್ಕನೇ ವರ್ಷ, ಸರಿಯಾಗಿ ಅಲ್ಲಿಗೇ ಬಿತ್ತು
ಕುಮುದಿನಿಯ ಮೊಮ್ಮಗ ಓಜಸನ ಚೆಂಡು.
ರಬ್ಬರಿನದಲ್ಲ, ನಿಜವಾದ್ದು, ಕೆಂಪನೆಯದು.
ಹುಡುಗ ಓಡಲಿಲ್ಲ. ಬ್ಯಾಟು ಹಿಡಿದೇ ನಿಂತಿದ್ದ.
ನಾನು ಬೈಯಲಿಲ್ಲ; ಅದು ಇನ್ನೂ ಕೆಟ್ಟದ್ದು.
ಹತ್ತು ವಾರ ಅವನೊಡನೆ ಮಾತಿಲ್ಲ.
ಹತ್ತು ವಾರ, ದಿನಕ್ಕೊಂದು ಸಾಲು, ಅದೇ ಎರಡು ಪದ.
ಬರೆಯುವಾಗ ಕೈ ನಡುಗುತ್ತಿತ್ತು.

ಮೇ ಹದಿನಾರು. ಬಾಣ ಬಿಚ್ಚಿತು.
ನಡುವೆ ಅಡ್ಡಲಾಗಿ ಒಂದು ಮಡಿಕೆ,
ಯಾರೋ ಓದುತ್ತಾ ಪುಟ ಮಡಿಚಿಟ್ಟು ಎದ್ದು ಹೋದ ಹಾಗೆ.
ಮೊದಲು ಕಂಡವನು ಓಜಸ್.
ಬೆಳಗಿನ ಆರೂವರೆಗೆ ಬೆಲ್ಲು: 'ಕಾಕೂ, ಬದುಕಿದೆ.'

ಆ ಎಲೆ ಐದು ವರ್ಷ ಬಾಳಿತು.
ಹೊಸವು ಬಂದಂತೆ ಹೊರಗೆ, ಕೆಳಗೆ ಸರಿಯಿತು.
ಹುಟ್ಟುಹಬ್ಬದ ದಿನ ಗಿಡದ ಪಕ್ಕ ಬೆನ್ನು ನೆಟ್ಟಗೆ ಮಾಡಿ ನಿಲ್ಲುವನು,
ಒಮ್ಮೆ ಅವನು ಎತ್ತರ, ಮರುವರ್ಷ ಅದು.
ನಡುವೆ ನನ್ನ ಮೊಣಕಾಲಿನ ಆಪರೇಷನ್ನು;
ಆ ಮೂರು ತಿಂಗಳ ರಿಜಿಸ್ಟರು ಅವನ ಅಕ್ಷರದಲ್ಲಿದೆ,
ಮರಾಠಿಯಲ್ಲಿ: ಬದಲ್ ನಾಹೀ.

ಕಾಂಡವೆಂಬುದು ಇನ್ನೂ ಇಲ್ಲ.
ಒಂಬತ್ತು ವರ್ಷಕ್ಕೂ ಬೀಸುವ ಕಲ್ಲಿನಷ್ಟು ಬುಡ
ನೆಲ ಬಿಟ್ಟೆದ್ದಿಲ್ಲ.
ನೆರಳಲ್ಲಿ ಕೂರಲೆಂದು ನೆಟ್ಟವಳಲ್ಲ.
ಅಂಕಣ ತುಂಬಿದವಳಿಗೆ ಇನ್ನೊಂದು ಅಂಕಣ ಬೇಕಿತ್ತು, ಅಷ್ಟೆ.
ಅದೂ ಪೂರ್ತಿ ನಿಜವಲ್ಲ.
ಆ ನೀಲಿ. ಕರೆಂಟು ಹೋದ ಬೆಳದಿಂಗಳಲ್ಲಿ
ಅಂಗಳದ ಬಣ್ಣಗಳೆಲ್ಲ ಆರಿದ ಮೇಲೂ ಅದೊಂದು ಉಳಿದಿರುತ್ತದೆ.

ಮಡಿಕೆಯ ಎಲೆ ಕಳೆದ ವಾರ ಪೂರಾ ಒಣಗಿತು. ಗರಗಸ ತಂದೆ.
ಮೀಸೆ ಮೂಡಿದ ಓಜಸ್ ಮೆಟ್ಟಿಲಿಳಿದು ಬಂದ,
ಬೇಡ ಎನ್ನಲಿಲ್ಲ, ತೊಟ್ಟು ಹಿಡಿದುಕೊಂಡ.
ಕೊಯ್ದ ಎಲೆ ಅವನ ಅಜ್ಜಿಯ ಬಾಗಿಲಿಗಿಂತ ಅಗಲ.
ಮೂರು ಮಹಡಿ ಹೇಗೆ ಹತ್ತಿಸಿದನೋ.

ಜನವರಿ ಏಳು. ಕನಿಷ್ಠ ಹತ್ತು ಬಿಂದು ಎರಡು.
ಹೊಸ ಬಾಣ, ನಾಲ್ಕು ಬೆರಳು.
ಕಳೆದ ತಿಂಗಳೂ ನಾಲ್ಕು.